ಮೂರು ನಿಮಿಷದ ಮಾನಪತ್ರ

ನನ್ನ ಬಲಗಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ ಇರುತ್ತದೆ. ಸ್ನಾನಕ್ಕೆ ಹೋಗುವಾಗ ತೆಗೆದಿಡುತ್ತೇನೆ, ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಮತ್ತೆ ಏರಿಸುತ್ತೇನೆ. ವ್ಯಾಪಾರಸ್ಥ, ಲೆಕ್ಕಕ್ಕೆ ಬೇಕಾಗುತ್ತದೆ ಎಂದು ನೋಡಿದವರು ತಿಳಿಯುತ್ತಾರೆ. ಲೆಕ್ಕ ನನಗೆ ಬಾಯಲ್ಲೇ ಬರುತ್ತದೆ. ಪೆನ್ಸಿಲ್ ಇರುವುದು ಬರೆಯುವುದಕ್ಕಲ್ಲ, ಹೊಡೆದು ಹಾಕುವುದಕ್ಕೆ. ಯಾರೋ ಬರೆದ ಕಾಗದ ಕಣ್ಣಿಗೆ ಬಿತ್ತೆಂದರೆ ನನ್ನ ಕೈ ತಾನಾಗಿಯೇ ಕಿವಿಯ ಕಡೆಗೆ ಹೋಗುತ್ತದೆ.

ಹೋದ ವಾರ ಹಾನಗಲ್ಲಿನ ನಮ್ಮ ಓಣಿಯ ವಾಚನಾಲಯದವರು ವಾರ್ಷಿಕೋತ್ಸವದ ಆಮಂತ್ರಣವನ್ನು ಅಚ್ಚಿಗೆ ಕೊಡುವ ಮುಂಚೆ ನನಗೆ ತೋರಿಸಲು ತಂದರು. 'ತಾವು ಸಹಕುಟುಂಬ ಸಹಪರಿವಾರ ಸಮೇತರಾಗಿ ಆಗಮಿಸಿ, ಉಪಸ್ಥಿತರಿದ್ದು, ಸಮಾರಂಭದ ಶೋಭೆಯನ್ನು ಹೆಚ್ಚಿಸಿ, ನಮ್ಮನ್ನು ಉಪಕೃತರನ್ನಾಗಿ ಮಾಡಬೇಕಾಗಿ ವಿಜ್ಞಾಪನೆ' ಎಂದಿತ್ತು. ಬಂದವನು ಉಪಸ್ಥಿತನಿರದೆ ಇನ್ನೆಲ್ಲಿರುತ್ತಾನೆ ಎಂದು ಕೇಳಿದೆ. ಕುಟುಂಬ ಬಂದ ಮೇಲೆ ಪರಿವಾರ ಬೇರೆ ಯಾರು ಎಂದು ಕೇಳಿದೆ. ಒಂದೊಂದಾಗಿ ಹೊಡೆಯುತ್ತ ಹೋಗಿ ಕಡೆಗೆ 'ಮನೆಯವರೊಡನೆ ಬನ್ನಿರಿ' ಎಂದು ಉಳಿಸಿ ಕಾಗದ ತಿರುಗಿ ಕೊಟ್ಟೆ. ಬಡಪಾಯಿಗಳು ಅದನ್ನು ಮಡಚಿಕೊಂಡು, ಚಹಾ ಸಹ ಕುಡಿಯದೆ, ಉತ್ಸವದ ವರ್ಗಣಿಯ ಹಣ ಸಹ ಕೇಳದೆ ಹೋದರು. ಅವರು ಹೋದ ಮೇಲೆ ಒಳಗಿನಿಂದ ನನ್ನ ಹೆಂಡತಿಯ ಮಾತು ಕೇಳಿತು. "ವರ್ಗಣಿ ಕೊಡೂದು ತಪ್ಪಿಸಿಕೊಳ್ಳಾಕ ಛಲೋ ಹಾದಿ ಹುಡುಕ್ಯಾರ ನಮ್ಮವರು."

ಅದು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ.

ಆಕೆಯ ಸಿಟ್ಟಿಗೆ ಬೇರೆ ಕಾರಣವೂ ಇದೆ. ಆಕೆಯ ತವರು ಶಿಗ್ಗಾವಿ. ಅಲ್ಲಿಂದ ಬರುವ ಕಾರ್ಡುಗಳನ್ನು ನನಗೆ ಸಿಗದಂತೆ ಬೇಳೆಯ ಡಬ್ಬಿಯಲ್ಲಿ ಇಡುತ್ತಾಳೆ. ನನ್ನ ಮಾವನವರು ಅಂಥ ಕಾರ್ಡು ಬರೆಯುವವರು. ಎಲ್ಲರ ಕ್ಷೇಮ ವಿಚಾರಿಸಿ, ತಮ್ಮ ಕಡೆಯ ಎಲ್ಲರ ಕ್ಷೇಮ ತಿಳಿಸಿ, ಎಮ್ಮೆ ಕರುಗಳ ಕ್ಷೇಮಕ್ಕೆ ಬರುವಷ್ಟರಲ್ಲಿ ಕಾರ್ಡು ತುಂಬಿರುತ್ತದೆ. ನಿಜವಾದ ಸಮಾಚಾರ ಅಂಚಿನಲ್ಲಿ ಇರುವೆಯ ಸಾಲಿನಂತೆ ಹೊರಟು, ಮೂಲೆ ತಿರುಗಿ, ವಿಳಾಸದ ಹತ್ತಿರ ಹೋಗಿ ನಿಲ್ಲುತ್ತದೆ. ಅವರ ಮಾತೂ ಹಾಗೆಯೇ. ಯುದ್ಧ ನಡೆದಿದ್ದ ದಿನಗಳಲ್ಲಿ, ಇದ್ದಿಲಿನ ಮೇಲೆ ಓಡುವ ಬಸ್ಸುಗಳಿದ್ದಾಗ, ಹಾನಗಲ್ಲಿನ ಬಸ್ಸು ಹೋಯಿತೇ ಎಂದು ಅವರನ್ನು ಒಮ್ಮೆ ಕೇಳಿದೆ. ಆ ಬಸ್ಸಿನ ಡ್ರೈವರನ ಅಣ್ಣನಿಗೆ ಹೆಣ್ಣು ಕೊಟ್ಟವರಿಂದ ಶುರು ಮಾಡಿದರು. ನಾನು ಕೇಳಿದಾಗ ಬಸ್ಸು ಇನ್ನೂ ಹೋಗಿರಲಿಲ್ಲ. ಅವರು ಹೇಳಿ ಮುಗಿಸುವಾಗ ಹೋಗಿತ್ತು.

ಈ ವಿಷಯದಲ್ಲಿ ನಾನು ಅವ್ವನ ಮಗ. ಹಿರೇಕೆರೂರಿನ ಸಂತೆಗೆ ಅವ್ವ ಬೆಣ್ಣೆ ಮಾರಲು ಹೋಗುತ್ತಿದ್ದಳು, ನಾನು ಸೆರಗು ಹಿಡಿದುಕೊಂಡು ಹಿಂದೆ. ನಮ್ಮೂರಿನಿಂದ ನಡೆದು ಬರುವುದು, ಬೆಣ್ಣೆಯ ಮೇಲೆ ಹಸಿ ಕೆಸುವಿನೆಲೆ ಮುಚ್ಚುವುದು, ಬೇವಿನ ಗಿಡದ ನೆರಳು ಹಿಡಿಯುವುದು. ಯಾರಾದರೂ ಬಂದರೆ ಅವ್ವ ಎಲೆ ಸರಿಸಿ "ನಿನ್ನಿ ಕಡದದ್ದು, ತಿಂದು ನೋಡ್ರಿ" ಎನ್ನುತ್ತಿದ್ದಳು. ಅಷ್ಟೇ. ಪಕ್ಕದಲ್ಲಿ ಕೂಡುತ್ತಿದ್ದವಳೊಬ್ಬಳು ತನ್ನ ಬೆಣ್ಣೆಯನ್ನು, ಅದರ ಎಮ್ಮೆಯನ್ನು, ಆ ಎಮ್ಮೆ ಮೇದ ಹುಲ್ಲನ್ನು ಹೊಗಳುತ್ತಿದ್ದಳು. ಹೊಗಳುವುದು ಮುಗಿಯುವಷ್ಟರಲ್ಲಿ ನೆರಳು ಸರಿದು ಬೆಣ್ಣೆ ಕರಗಿರುತ್ತಿತ್ತು. ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಮಾರುವವನು ಹೆಚ್ಚು ಮಾತಾಡಿದಷ್ಟೂ ಕೊಳ್ಳುವವನಿಗೆ ಯೋಚಿಸಲು ಹೆಚ್ಚು ಹೊತ್ತು ಸಿಗುತ್ತದೆ. ಯೋಚಿಸಿದವನು ಕೊಳ್ಳುವುದಿಲ್ಲ.

ಆದರೆ ಪೆನ್ಸಿಲ್ ಕಿವಿಗೇರಿದ್ದು ಅವ್ವನಿಂದಲ್ಲ. ಅದು ಯಲವಿಗಿ ಸ್ಟೇಶನ್ನಿನಲ್ಲಿ ಏರಿತು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು.

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಅವರಿವರ ಬುಟ್ಟಿ ಹೊತ್ತು, ಗಾಡಿ ಹೊಡೆದು, ಕಡೆಗೆ ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರಕ್ಕೆ ನಿಂತಿದ್ದೆ. ಸವಣೂರ ಎಲೆ ತಿಂದವರಿಗೆ ಅದರ ಬಗ್ಗೆ ಹೇಳುವುದು ಬೇಡ, ತಿನ್ನದವರಿಗೆ ಹೇಳಿದರೆ ತಿಳಿಯುವುದಿಲ್ಲ. ಅದು ಬಲು ನಾಜೂಕು ಎಂದಷ್ಟು ತಿಳಿದಿರಲಿ. ಕೊಯ್ದ ಎಲೆಯನ್ನು ಬಿದಿರ ಬುಟ್ಟಿಯಲ್ಲಿ ಹಸಿ ಬಾಳೆಪಟ್ಟೆ ಹಾಸಿ ತುಂಬಿ, ನೀರು ಚಿಮುಕಿಸಿ, ಚಕ್ಕಡಿಯಲ್ಲಿ ಯಲವಿಗಿಗೆ ತಂದು, ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುಗಾಡಿಗೆ ಹೇರಬೇಕು. ಗಾಡಿ ಅಲ್ಲಿ ನಿಲ್ಲುತ್ತಿದ್ದುದು ಮೂರು ನಿಮಿಷ. ನಮ್ಮ ಬುಟ್ಟಿ ಅರವತ್ತು. ಎಷ್ಟೇ ಜಿಗಿದಾಡಿದರೂ ನಲವತ್ತು ಏರುತ್ತಿದ್ದವು. ಉಳಿದ ಇಪ್ಪತ್ತು ಮರುದಿನದ ಗಾಡಿಯ ದಾರಿ ಕಾಯುತ್ತ ಅಲ್ಲೇ ಹಳದಿಯಾಗುತ್ತಿದ್ದವು. ಇನ್ನೆರಡು ನಿಮಿಷ ಗಾಡಿ ನಿಂತರೆ ನಾನು ವ್ಯಾಪಾರಸ್ಥ, ನಿಲ್ಲದಿದ್ದರೆ ಮತ್ತೆ ಅವರಿವರ ಬುಟ್ಟಿ ಹೊರುವವ. ನನ್ನ ಹಣೆಬರಹ ಅಷ್ಟು ಸಣ್ಣದಿತ್ತು.

ಆಗ ಸ್ಟೇಶನ್ ಮಾಸ್ತರರು ಒಂದು ಸುದ್ದಿ ಹೇಳಿದರು. ಗಾಡಿಗಳ ವೇಳೆ ಗೊತ್ತುಮಾಡುವ ದೊಡ್ಡ ಸಾಹೇಬರು ಮಂಗಳವಾರ ನಮ್ಮ ಗಾಡಿಗೆ ಬೇರೆ ಡಬ್ಬಿ ಹಚ್ಚಿಸಿಕೊಂಡು ಬರುವವರಿದ್ದಾರೆ. ನಮ್ಮ ನಾಡಿನವರೇ, ಕನ್ನಡ ಬಲ್ಲವರು. ಕೇಳುವುದಿದ್ದರೆ ಆಗಲೇ ಕೇಳಿಬಿಡಿ ಎಂದರು.

ತೋಟದವರಲ್ಲಿ ಹಿರಿಯರು ಇಬ್ಬರು, ಚನ್ನಬಸಪ್ಪನವರು ಮತ್ತು ಹುಸೇನಸಾಬರು. ಇಬ್ಬರೂ ಕೂಡಿ ಗುಂಡಾಚಾರ್ಯ ಮಾಸ್ತರರ ಮನೆಗೆ ಹೋದರು. ಮಾಸ್ತರರು ಶಾಲೆಯಿಂದ ನಿವೃತ್ತರಾದವರು, ಸಂಸ್ಕೃತ ಓದಿದ ಮನೆತನ. ಊರಿನಲ್ಲಿ ಯಾರಿಗೆ ಏನು ಬರೆಯುವುದಿದ್ದರೂ ಅವರೇ ಬರೆಯಬೇಕು. ದೊಡ್ಡವರ ಮುಂದೆ ಒಮ್ಮೆಲೇ ಬೇಡುವುದು ಸರಿಯಲ್ಲ, ಮಾನಪತ್ರ ಅರ್ಪಿಸೋಣ, ಅದರ ಕೊನೆಯಲ್ಲಿ ಬೇಡಿಕೆ ಇಡೋಣ ಎಂದು ಅವರು ಹೇಳಿದ್ದು ಎಲ್ಲರಿಗೂ ಒಪ್ಪಿತವಾಯಿತು. ನನಗೂ ಒಪ್ಪಿತವಾಯಿತು, ಸುಳ್ಳೇಕೆ ಹೇಳಲಿ. ನಮ್ಮ ಕಡೆ ಮರ್ಯಾದೆಯನ್ನು ಉದ್ದದಲ್ಲಿ ಅಳೆಯುತ್ತಾರೆ. ರುಮಾಲೂ ಹಾಗೆ, ಮಾತೂ ಹಾಗೆ. ಮಾನಪತ್ರ ನಾಲ್ಕು ಹಾಳೆಯಾಯಿತು.

ಮಂಗಳವಾರ ಗಾಡಿ ಬಂತು. ಸಾಹೇಬರು ಬಾಗಿಲಿಗೆ ಬಂದು ನಿಂತರು. ಮಾಸ್ತರರು ಹಾರ ಹಾಕಿ, ಕನ್ನಡಕ ಏರಿಸಿ, 'ಅಖಂಡ ಲಕ್ಷ್ಮೀ ಅಲಂಕೃತ ರಾಜಮಾನ್ಯ ರಾಜಶ್ರೀ' ಎಂದು ಶುರು ಮಾಡಿದರು. ನಾನು ಹೇರುವವರಿಗೆ ಕೈಸನ್ನೆ ಮಾಡಿದೆ. ಒಬ್ಬ ಬುಟ್ಟಿ ಎತ್ತಿದ್ದೇ ತಡ, ಚನ್ನಬಸಪ್ಪನವರು ಕಣ್ಣು ಬಿಟ್ಟರು. ಮಾನಪತ್ರ ಓದುತ್ತಿರುವಾಗ ಬುಟ್ಟಿ ಹೊರುವುದು ಯಾವ ಮರ್ಯಾದೆ? ಅವನು ಬುಟ್ಟಿ ಇಳಿಸಿ ಕೈಮುಗಿದು ನಿಂತ. ಉಳಿದವರೂ ನಿಂತರು. ನಾನೂ ನಿಂತೆ.

ಮಾಸ್ತರರು ಸಾಹೇಬರ ಬಿರುದುಗಳನ್ನು ಮುಗಿಸಿ, ತಾಂಬೂಲದ ಪುರಾತನತೆಗೆ ಬಂದು, ಹುಸೇನಸಾಬರ ಅಜ್ಜ ಅರಮನೆಗೆ ಎಲೆ ಕೊಡುತ್ತಿದ್ದ ಸಂಗತಿಯನ್ನು ಅರ್ಧ ಮಾಡಿದ್ದರು. ಸಿಳ್ಳು ಆಯಿತು. ಗಾಡಿ ಹೊರಟಿತು. ಮಾಸ್ತರರು ಓದುತ್ತಲೇ ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೆ ಗಾಡಿಯ ಸಂಗಡ ನಡೆದರು, ಆಮೇಲೆ ಧೋತರದ ಚುಂಗು ಹಿಡಿದು ಸ್ವಲ್ಪ ಓಡಿದರು. ಕಟ್ಟೆ ಮುಗಿಯಿತು, ವಾಕ್ಯ ಮುಗಿಯಲಿಲ್ಲ. ಸಾಹೇಬರು ಕೈಮುಗಿದು, ಬಹಳ ತೃಪ್ತಿಯಿಂದ ಒಂದು ಮಾತು ಹೇಳಿ ಹೋದರು.

"ನಿಮ್ಮ ಸ್ಟೇಶನ್ ಭಾಳ ಶಿಸ್ತಿನಿಂದ ಅದ. ಗದ್ದಲಿಲ್ಲ, ಓಡ್ಯಾಟಿಲ್ಲ."

ಅರವತ್ತೂ ಬುಟ್ಟಿ ಅಲ್ಲೇ ಉಳಿದವು. ಹೆಚ್ಚು ಹೊತ್ತು ಗಾಡಿ ನಿಲ್ಲಲಿ ಎಂದು ಕೇಳಲು ಹೋಗಿ, ಇದ್ದ ಮೂರು ನಿಮಿಷವನ್ನೂ ಕಳೆದುಕೊಂಡವರು ಈ ಭೂಮಿಯ ಮೇಲೆ ನಾವೇ ಇರಬೇಕು. ಹುಸೇನಸಾಬರು ಒಂದು ಬುಟ್ಟಿಯ ಬಾಯಿ ಬಿಚ್ಚಿ, ಎಲೆ ತೆಗೆದು, ತಮ್ಮ ಚಂಚಿಯಿಂದ ಸುಣ್ಣ ಸವರಿದರು. "ಬರ್ರಿ ಮಾಸ್ತರ, ಕುಂತ್ಕೋರಿ. ಇನ್ನ ಇದನ್ನ ನಾವ ತಿಂದು ತೀರಸಬೇಕು."

ಚನ್ನಬಸಪ್ಪನವರು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು. "ನೋಡಪಾ ಶಿವಪ್ಪ, ನಿನ್ನ ಮ್ಯಾಲೆ ನಮಗ ಸಿಟ್ಟಿಲ್ಲ. ಆದ್ರ ಇನ್ನೊಂದ ವಾರ ಎಲಿ ಹಿಂಗ ಕೊಳತ್ರ, ನಾವು ತ್ವಾಟಾನ ಹುಬ್ಬಳ್ಳಿ ದಲಾಲರಿಗೆ ವಹಿಸಿ ಕೊಡ್ತೇವಿ." ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಹಿಂದಿನ ವಾರವೇ ಕೊಟ್ಟುಬಿಡುತ್ತಿದ್ದೆ.

ಒಂದೇ ದಾರಿ ಉಳಿದಿತ್ತು. ಸಾಹೇಬರು ಹರಿಹರಕ್ಕೆ ತಿರುಗಿ ಹೋಗಿ ಶನಿವಾರ ಮತ್ತೆ ಇದೇ ಗಾಡಿಗೆ ಬರುತ್ತಾರೆ ಎಂದು ಸ್ಟೇಶನ್ ಮಾಸ್ತರರು ಹೇಳಿದರು.

ಬುಧವಾರ ಊಟವಾದ ಮೇಲೆ ಎಲೆ ಆರಿಸುವ ಚಪ್ಪರದಲ್ಲಿ ನಾಲ್ವರೂ ಕೂತೆವು. ನಾಲ್ಕು ಹಾಳೆ ನಡುವೆ. ಮಾಸ್ತರರ ಕೈಯಲ್ಲಿ ಅವರ ಸರಪಳಿಯ ಗಡಿಯಾರ, ನನ್ನ ಕೈಯಲ್ಲಿ ಬುಟ್ಟಿಗೆ ಗುರುತು ಹಾಕುವ ಪೆನ್ಸಿಲ್. ಮೊದಲು ನಾನು ಅವರ ಮುಂದೆ ನಾಲ್ಕೂ ಹಾಳೆಯನ್ನು ಎಷ್ಟು ಬೇಗ ಓದಲು ಸಾಧ್ಯವೋ ಅಷ್ಟು ಬೇಗ ಓದಿದೆ. ಗಡಿಯಾರ ನೋಡಿ ಮಾಸ್ತರರ ಮುಖ ಸಣ್ಣದಾಯಿತು. ಹನ್ನೊಂದು ನಿಮಿಷ.

ಕಡಿಮೆ ಮಾಡಬೇಕು ಎಂಬುದಕ್ಕೆ ಎಲ್ಲರೂ ಹೂಂ ಅಂದರು. ಯಾವುದನ್ನು ಎಂಬುದಕ್ಕೆ ಯಾರೂ ಅನ್ನಲಿಲ್ಲ. ಒಂದೊಂದು ವಾಕ್ಯಕ್ಕೂ ಒಬ್ಬ ಯಜಮಾನನಿದ್ದ. ಅಜ್ಜ ಹುಸೇನಸಾಬರದು. ತೋಟದ ಏಳು ಮೆಟ್ಟಿಲಿನ ಬಾವಿ ಚನ್ನಬಸಪ್ಪನವರದು. ಪುರಾತನ ಕಾಲವೆಲ್ಲ ಮಾಸ್ತರರದು. ಅಲ್ಲಿ ನನಗೆ ಗೊತ್ತಿದ್ದ ಒಂದೇ ವಿದ್ಯೆ ಉಪಯೋಗಕ್ಕೆ ಬಂತು. ಇದನ್ನೂ ಇಟ್ಟುಕೊಳ್ಳಿ. ಒಬ್ಬನಿಗೆ ನಿನ್ನದು ಬಿಡು ಎಂದರೆ ಅವನು ಗಟ್ಟಿಯಾಗಿ ಹಿಡಿಯುತ್ತಾನೆ. ಅವನು ಬಿಟ್ಟರೆ ನೀನು ಬಿಡುತ್ತೀಯಾ ಎಂದು ಕೇಳಬೇಕು. ಮಾತಿನ ಚೌಕಾಶಿಯೂ ಮಾಲಿನ ಚೌಕಾಶಿಯ ಹಾಗೆಯೇ.

"ಸಾಬರ, ನಿಮ್ಮ ಅಜ್ಜನ್ನ ನೀವು ಇಳಸ್ರಿ, ಚನ್ನಬಸಪ್ಪನವ್ರು ತಮ್ಮ ಬಾವಿ ಇಳಸ್ತಾರ" ಎಂದೆ.

ಹುಸೇನಸಾಬರು ಗಡ್ಡ ನೀವಿಕೊಂಡರು. "ಏಳ ಮೆಟ್ಟಲಾ ಇಳೀತಾವೇನು?"

"ಏಳೂ ಇಳೀತಾವು" ಎಂದರು ಚನ್ನಬಸಪ್ಪನವರು, ಹಲ್ಲು ಕಚ್ಚಿ.

"ಹಂಗಾದ್ರ ಅಜ್ಜನೂ ಇಳೀಲಿ. ಹೆಂಗೂ ಅರಮನಿಗೆ ನಡಕೋತನ ಹೋಗತಿದ್ದ."

ಎರಡು ಹಾಳೆ ಹೋದವು. ಉಳಿದವು ಮಾಸ್ತರರವು. ಅಲ್ಲಿ ಚೌಕಾಶಿ ನಡೆಯಲಿಲ್ಲ. ಅವರು ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ, ಹೆತ್ತವರು. ಒಂದು ವಾಕ್ಯ ನನಗೆ ಇವತ್ತಿಗೂ ಬಾಯಿಪಾಠವಿದೆ. 'ಅತ್ಯಂತ ಕೋಮಲವೂ ಸುವಾಸಿತವೂ ಆದ ಈ ಪರ್ಣಗಳು ಕಾಲವಿಳಂಬದ ದೆಸೆಯಿಂದ ವಿವರ್ಣತೆಯನ್ನು ಹೊಂದಿ, ಉಪಯೋಗಕ್ಕೆ ಅನರ್ಹವಾದ ಅವಸ್ಥೆಯನ್ನು ಪ್ರಾಪ್ತ ಮಾಡಿಕೊಳ್ಳುತ್ತವೆ.' ನಾನು ಪೆನ್ಸಿಲ್ ಎಳೆದು ಕೆಳಗೆ 'ಎಲೆ ಕೊಳೆಯುತ್ತದೆ' ಎಂದು ಬರೆದೆ.

ಮಾಸ್ತರರು ಕನ್ನಡಕ ಏರಿಸಿ ಅದನ್ನು ಓದಿದರು. "ಸಾಹೇಬರ ಮುಂದ ನಿಂತು ಕೊಳೀತದ ಅನ್ನೋದು ಹ್ಯಾಂಗೋ ಶಿವಪ್ಪಾ? ಕಿವಿಗೆ ನಾತ ಬರ್ತದ."

"ಬರಲಿ ಬಿಡ್ರಿ ಮಾಸ್ತರ" ಎಂದೆ. "ನಮ್ಮ ಮೂಗಿಗೆ ದಿನಾ ಬರಾಕತ್ತೈತಿ."

ಅವರು ಗಡಿಯಾರವನ್ನು ಮುಚ್ಚಿ ಒಳಗಿಟ್ಟರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಎದ್ದು ಹೋದರೆ ಸಾಹೇಬರ ಮುಂದೆ ಓದುವವರು ಯಾರೂ ಇರಲಿಲ್ಲ. ನನ್ನ ಬಾಯಿ ಸಂತೆಯ ಬಾಯಿ. ಆದರೆ ಅವರು ಕೈ ಚಾಚಿ ಪೆನ್ಸಿಲ್ ಇಸಿದುಕೊಂಡರು. ತಮ್ಮ ಕಾಲವಿಳಂಬ, ತಮ್ಮ ವಿವರ್ಣತೆ, ಸಾಹೇಬರ ಹನ್ನೊಂದು ಬಿರುದು, ಎಲ್ಲದರ ಮೇಲೆ ತಾವೇ ಗೆರೆ ಎಳೆದರು. ಶಾಲೆಯಲ್ಲಿ ಹುಡುಗರ ತಪ್ಪಿಗೆ ಎಳೆಯುತ್ತಿದ್ದಂಥ ಗಟ್ಟಿ ಗೆರೆ. ಆಮೇಲೆ ನಾನು ಹಾಳೆಯ ಕೆಳಗೆ ಬರೆಯುತ್ತ ಬಂದಿದ್ದ ಚಿಕ್ಕ ಒಕ್ಕಣೆಗೂ ಬಂದರು. ಅದರಲ್ಲಿ 'ಸವಣೂರಿನ ವಿಶ್ವಾಸಾರ್ಹ ಎಲೆ ವ್ಯಾಪಾರಸ್ಥ ಶಿವಪ್ಪ ಇವರ ಮೂಲಕ ಸಾಗುವ ಬುಟ್ಟಿಗಳು' ಎಂದು ನಾನು ಮೆಲ್ಲಗೆ ಸೇರಿಸಿದ್ದೆ. ಸಾಹೇಬರ ಕಿವಿಯಲ್ಲಿ ಹೆಸರೊಂದು ಬಿದ್ದಿರಲಿ ಎಂದು.

"ಇದು ಏನು?" ಎಂದರು ಮಾಸ್ತರರು.

ನಾನು ಚಪ್ಪರದ ಬಿದಿರು ನೋಡಿದೆ. ಹುಸೇನಸಾಬರಿಗೆ ನಗು ತಡೆಯದೆ ಎಲೆಯ ರಸ ನೆತ್ತಿಗೇರಿತು. ಆ ಇಡೀ ಮಾನಪತ್ರದಲ್ಲಿ ಅತ್ಯಂತ ಅನವಶ್ಯಕವಾದ ವಾಕ್ಯ ಯಾರದು ಎಂದು ಕೇಳಿದರೆ ನನ್ನದೇ. ಮಾಸ್ತರರ ಗೆರೆ ಅಲ್ಲಿ ಉಳಿದೆಲ್ಲಕ್ಕಿಂತ ದಪ್ಪನಾಗಿ ಬಿತ್ತು.

ಕಡೆಗೆ ಒಂದೇ ಜಗಳ ಉಳಿಯಿತು. ನಮಗೆ ಬೇಕಾದದ್ದು ಐದು ನಿಮಿಷ, ಐದೇ ಕೇಳೋಣ ಎಂದು ಮಾಸ್ತರರು. ಎಂಟು ಕೇಳಬೇಕು, ಕೊಡುವವನಿಗೂ ಕಡಿದು ಕೊಟ್ಟ ಸಮಾಧಾನ ಬೇಕು ಎಂದು ನಾನು. ಇದರಲ್ಲಿ ನಾನು ಗೆದ್ದೆ.

ಶನಿವಾರ ಗಾಡಿ ನಿಲ್ಲುವ ಮೊದಲೇ ಚನ್ನಬಸಪ್ಪನವರು ಹೇರುವವರಿಗೆ ಗದರಿಸಿ ಹೇಳಿದ್ದರು. ಯಾರೂ ಕೈಮುಗಿಯಕೂಡದು. ಸಾಹೇಬರು ಬಾಗಿಲಿಗೆ ಬಂದರು. ಮತ್ತೆ ಮಾಸ್ತರರನ್ನು ಕಂಡು ಅವರ ಮುಖದಲ್ಲಿ ಒಂದು ದಣಿವು ಕಾಣಿಸಿತು, ಆದರೂ ಹಾರಕ್ಕೆ ಕುತ್ತಿಗೆ ಬಾಗಿಸಿದರು. ಹಾರ ತಂದಿರಲಿಲ್ಲ. ಮಾಸ್ತರರು ಓದಿದರು.

"ಸಾಹೇಬರೇ, ಗಾಡಿ ಇಲ್ಲಿ ಮೂರು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ನಮ್ಮ ಬುಟ್ಟಿಗಳೆಲ್ಲ ಏರುವುದಿಲ್ಲ. ಉಳಿದ ಎಲೆ ಕೊಳೆಯುತ್ತದೆ. ಎಂಟು ನಿಮಿಷ ನಿಲ್ಲಿಸಬೇಕು."

ಓದಿ ಕಾಗದ ಮಡಚಿದರು. ಸಾಹೇಬರು ಇನ್ನೂ ಇದೆ ಎಂದು ಕಾದರು. ಇರಲಿಲ್ಲ. ಆಗ ಏನಾಯಿತೆಂದರೆ, ಸಾಹೇಬರಿಗೆ ನೋಡಲು ಹೊತ್ತು ಸಿಕ್ಕಿತು. ಕೇಳುವುದು ಮುಗಿದ ಮೇಲೆ ಮನುಷ್ಯ ನೋಡುತ್ತಾನೆ. ತಲೆಯ ಮೇಲೆ ಬುಟ್ಟಿ ಹೊತ್ತು ಓಡುವವರನ್ನು ನೋಡಿದರು, ಡಬ್ಬಿಯ ಬಾಗಿಲಲ್ಲಿ ಬುಟ್ಟಿಗೆ ಬುಟ್ಟಿ ಬಡಿಯುವುದನ್ನು ನೋಡಿದರು. ಸಿಳ್ಳು ಆಯಿತು. ಇಪ್ಪತ್ತು ಬುಟ್ಟಿ ಕೆಳಗೇ ಇದ್ದವು. ಒಬ್ಬನು ತಲೆಯ ಮೇಲಿನ ಬುಟ್ಟಿಯ ಸಮೇತ ಗಾಡಿಯ ಜೊತೆಗೆ ಕಟ್ಟೆಯ ತುದಿಯವರೆಗೆ ಓಡಿ ನಿಂತ. ಸಾಹೇಬರು ಕಿಸೆಯಿಂದ ಗಡಿಯಾರ ತೆಗೆದು ನೋಡುತ್ತ, ನಮ್ಮನ್ನು ನೋಡುತ್ತ, ಕಾಣದಾಗುವವರೆಗೂ ಬಾಗಿಲಲ್ಲೇ ಇದ್ದರು. ಈ ಕಥೆ ಕೇಳಿದವರಿಗೆಲ್ಲ, ಸಾಹೇಬರು ಕಣ್ಣಾರೆ ನೋಡಲಿ ಎಂದು ನಾನು ಮೊದಲೇ ಹೂಡಿದ ಉಪಾಯ ಇದು ಎಂದು ಹೇಳುತ್ತ ಬಂದಿದ್ದೇನೆ. ನಿಮಗೆ ನಿಜ ಹೇಳುತ್ತೇನೆ. ನನಗೆ ಅದು ಹೊಳೆದೇ ಇರಲಿಲ್ಲ. ಮಾತು ಕಡಿಮೆಯಾದಾಗ ಉಳಿದ ಕೆಲಸ ತಾನಾಗಿ ಆಯಿತು.

ಸಾಹೇಬರ ಉತ್ತರ ಬರುವವರೆಗೆ ಕಾಯುತ್ತೇವೆ ಎಂದು ಚನ್ನಬಸಪ್ಪನವರು ಒಪ್ಪಿದರು. ಮೂರು ವಾರ ನಾನು ನಿದ್ದೆಗೆಟ್ಟೆ. ಆಮೇಲೆ ಹುಕುಮು ಬಂತು. ಸ್ಟೇಶನ್ ಮಾಸ್ತರರು ಅದನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಇಂಥ ಕಾಗದದ ಉಲ್ಲೇಖದಂತೆ, ಅಂಥ ಕಾಗದವನ್ನು ಲಕ್ಷ್ಯದಲ್ಲಿರಿಸಿ, ಮೇಲ್ಕಾಣಿಸಿದ ಕೆಳಕಾಣಿಸಿದ ಎಂದು ಒಂದೂವರೆ ಹಾಳೆ. ನನ್ನ ಜೀವ ಬಾಯಿಗೆ ಬಂದಿತ್ತು. ಗುಂಡಾಚಾರ್ಯ ಮಾಸ್ತರರು ಮಾತ್ರ ಸಂಗೀತ ಕೇಳುವವರಂತೆ ತಲೆದೂಗುತ್ತಿದ್ದರು. "ಕೇಳು ಶಿವಪ್ಪಾ, ಭಾಷಾದ ಮರ್ಯಾದಿ ಅಂದ್ರ ಹೀಂಗಿರ್ತದ." ಕೊಟ್ಟಕೊನೆಯ ಸಾಲಿನಲ್ಲಿ ಬಂತು, ಯಲವಿಗಿಯಲ್ಲಿ ಗಾಡಿ ಐದು ನಿಮಿಷ ನಿಲ್ಲತಕ್ಕದ್ದು.

ಹೊಸ ವೇಳೆಯ ಮೊದಲನೆಯ ದಿನ ತೋಟದವರೆಲ್ಲ ಸ್ಟೇಶನ್ನಿಗೆ ಬಂದಿದ್ದರು. ಗಾಡಿ ನಿಂತಿತು. ಹೇರುವವರಿಗೆ ಅದೆಲ್ಲಿಯ ಹುರುಪು ಬಂದಿತೋ, ಮೂರು ನಿಮಿಷದ ರೂಢಿಯೋ, ಅರವತ್ತೂ ಬುಟ್ಟಿ ನಾಲ್ಕೇ ನಿಮಿಷದಲ್ಲಿ ಏರಿದವು. ಕಟ್ಟೆ ಬರಿದಾಯಿತು. ಗಾಡಿ ಇನ್ನೂ ನಿಂತೇ ಇತ್ತು. ಅಲ್ಲಿಯವರೆಗೆ ನಿಂತ ಗಾಡಿಯ ಮುಂದೆ ನಾವು ಯಾರೂ ಸುಮ್ಮನೆ ನಿಂತವರಲ್ಲ. ಕೈ ಎಲ್ಲಿ ಇಟ್ಟುಕೊಳ್ಳಬೇಕು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಕೈಯಲ್ಲಿದ್ದ ಪೆನ್ಸಿಲನ್ನು ಕಿವಿಗೇರಿಸಿದೆ, ಅದು ಅಲ್ಲೇ ಉಳಿಯಿತು. ಹೇರುವವರು ಬೆವರು ಒರೆಸಿಕೊಂಡರು. ಮಾಸ್ತರರು ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು ತಮ್ಮ ಗಡಿಯಾರವನ್ನು ನನ್ನ ಕಣ್ಣ ಮುಂದೆ ಹಿಡಿದರು.

"ನೋಡು" ಎಂದರು. "ಇನ್ನೂ ಒಂದು ನಿಮಿಷ ಅದ. ಕೋಮಲವೂ ಸುವಾಸಿತವೂ ಅನ್ನೋದು ಹಿಡೀತಿತ್ತು."

"ಹಿಡೀತಿತ್ರಿ ಮಾಸ್ತರ" ಎಂದೆ.